ಇಪ್ಪತ್ತೆಂಟರ ದನಿ

"ಎರಡೂ ಒಂದೇ ತಾಯಿ ಮಕ್ಕಳು, ಗುರುಗಳೇ. ಬಣ್ಣ ಒಂದೇ, ಬಾಗಿಲು ಒಂದೇ, ಸೀಟೂ ಒಂದೇ. ವ್ಯತ್ಯಾಸ ಏನಿದ್ರೂ ಹೊಟ್ಟೆಯೊಳಗೆ," ಎನ್ನುತ್ತ ಹಳೆ ಕಾರು ಮಾರುವ ಅಕ್ಸೆಂತೆ ಎರಡೂ ಕಾರುಗಳ ಬಾನೆಟ್ಟು ಎತ್ತಿ ನಿಲ್ಲಿಸಿದ.

ಚರ್ಚಿನ ಗವ್ರಿಲ್ ಗುರುಗಳು ಕರಿ ನಿಲುವಂಗಿಯ ತೋಳನ್ನು ಮೇಲೆ ಸರಿಸಿಕೊಂಡು ಬಗ್ಗಿ ನೋಡಿದರು. ಹದಿನೈದು ವರ್ಷ ಹಳೆಯ, ಕಡುನೀಲಿ ಬಣ್ಣದ ಎರಡು ಬಿಎಂಡಬ್ಲ್ಯು. ಒಂದನ್ನು ಅಕ್ಸೆಂತೆ, ಇನ್ನೊಂದನ್ನು ಅವನ ಭಾವಮೈದ ಜರ್ಮನಿಯಿಂದ ಓಡಿಸಿಕೊಂಡು ತಂದಿದ್ದರು. ಡಿಕ್ಕಿಯ ಮೇಲಿದ್ದ ಅಂಕಿಯ ದೆಸೆಯಿಂದ ಅವನ ಅಂಗಳದಲ್ಲಿ ಒಂದಕ್ಕೆ ಹದಿನೆಂಟು, ಇನ್ನೊಂದಕ್ಕೆ ಇಪ್ಪತ್ತೆಂಟು ಎಂದು ಹೆಸರು ಬಿದ್ದಿತ್ತು. ಹದಿನೆಂಟರಲ್ಲಿ ನಾಲ್ಕು ಸಿಲಿಂಡರ್. ಅದರ ಮುಂದೆ ಕೋಳಿಯೊಂದು ಕಾವು ಕೂರುವಷ್ಟು ಜಾಗ ಖಾಲಿ ಉಳಿದಿತ್ತು. ಇಪ್ಪತ್ತೆಂಟರಲ್ಲಿ ಆರು, ಒಂದರ ಹಿಂದೊಂದು ಸಾಲಾಗಿ ನಿಂತು, ಕೈ ತೂರಿಸಲೂ ಎಡೆ ಇರಲಿಲ್ಲ.

ಅಕ್ಸೆಂತೆ ಇಪ್ಪತ್ತೆಂಟರ ಕೀಲಿ ತಿರುಗಿಸಿದ. ಆಮೇಲೆ ಜೇಬಿನಿಂದ ಐವತ್ತು ಬಾನಿಯ ನಾಣ್ಯ ತೆಗೆದು, ಓಡುತ್ತಿದ್ದ ಎಂಜಿನ್ನಿನ ಮೇಲೆ ಅಂಚಿನಲ್ಲಿ ನಿಲ್ಲಿಸಿ ಕೈ ಬಿಟ್ಟ. ನಾಣ್ಯ ಬೀಳಲಿಲ್ಲ. ಕೆಳಗೆ ಆರು ಕಡೆ ಬೆಂಕಿ ಸಿಡಿಯುತ್ತಿದ್ದರೂ ಅದು ಮೇಜಿನ ಮೇಲಿದ್ದಂತೆ ನಿಂತೇ ಇತ್ತು. ಗುರುಗಳಿಗೆ ಉಸಿರಾಡುವುದೇ ಮರೆಯಿತು. ಮೂವತ್ತು ವರ್ಷ ಬಲಿಪೀಠದ ಮುಂದೆ ನಿಂತವರು, ಬೆರಗು ಎಂದರೇನೆಂದು ಬಲ್ಲವರು. ಆ ಬೆರಗು ಇಲ್ಲಿ, ಎಣ್ಣೆ ಚೆಲ್ಲಿದ ಅಂಗಳದಲ್ಲಿ ಎದುರಾದದ್ದಕ್ಕೆ ಅವರಿಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

"ರೀ, ಬಾಯಿ ಮುಚ್ಕೊಳ್ಳಿ, ನೊಣ ಹೋದೀತು," ಎಂದಳು ಹೆಂಡತಿ ವೆತೂರಿಯಾ; ಅವರ ಪಂಥದ ಗುರುಗಳಿಗೆ ಮದುವೆ ಉಂಟು. "ಅಕ್ಸೆಂತೆ, ಆ ದುಡ್ಡು ತೆಗಿ. ಸಂತೆ ಆಟ ಎಲ್ಲ ನಮ್ಮ ಹತ್ರ ಬೇಡ."

"ಆಟ ಅಲ್ಲ ಅಮ್ಮಾವ್ರೇ, ಅದರ ಗುಣ."

"ಗುಣ ನೋಡಕ್ಕೆ ನಾವೇನು ಹೆಣ್ಣು ತರ್ತಿದೀವಾ? ಎರಡು ಸಾವಿರ ಸಿಸಿ ದಾಟಿದ್ರೆ ತೆರಿಗೆ ಎಷ್ಟು ಅಂತ ನಂಗೊತ್ತು. ಊರೋರು ಏನಂತಾರೆ ಅಂತಲೂ ಗೊತ್ತು."

ಮಾತು ವೆತೂರಿಯಾಳದೇ ನಡೆಯಬೇಕಿತ್ತು, ಏಕೆಂದರೆ ಕಾರು ಓಡಿಸುವವಳು ಅವಳು. ಗುರುಗಳ ಪಾಲಿಗಿದ್ದದ್ದು ಕಣಿವೆಯ ಒಂಬತ್ತು ಊರು, ಎಲ್ಲವೂ ಬೆಟ್ಟದ ಮೇಲೆ ಚೆಲ್ಲಾಪಿಲ್ಲಿ. ಯಾರಾದರೂ ಕೊನೆಗಾಲಕ್ಕೆ ಬಂದರೆ ಉಸಿರು ನಿಲ್ಲುವ ಮೊದಲು ಅವರ ಬಾಯಿಗಿಡಬೇಕಾದ ಪರಮಪ್ರಸಾದದ ಪುಟ್ಟ ಪೆಟ್ಟಿಗೆಯನ್ನು ಚರ್ಚಿನಿಂದ ಎದೆಗವಚಿಕೊಂಡು ಹೊರಡಬೇಕು. ಪ್ರಸಾದ ಹೊತ್ತ ಗುರು ದಾರಿಯಲ್ಲಿ ಯಾರೊಂದಿಗೂ ಮಾತಾಡುವಂತಿಲ್ಲ, ಪೆಟ್ಟಿಗೆಯಿಂದ ಕೈ ತೆಗೆಯುವಂತಿಲ್ಲ. ಇದು ಅವರ ಅಜ್ಜನ ಕಾಲದಿಂದ ಬಂದ ರೂಢಿ. ಅಜ್ಜನ ಕುದುರೆಯ ಲಗಾಮನ್ನು ಅಜ್ಜಿ ಹಿಡಿದಿದ್ದಳಂತೆ. ವೆತೂರಿಯಾ ಇಪ್ಪತ್ತಾರು ವರ್ಷದಿಂದ ಸ್ಟಿಯರಿಂಗ್ ಹಿಡಿದಿದ್ದಳು.

ಹಳೆಯ ಕಾರು ಸಾಕಷ್ಟು ದುಡಿದು, ಕಳೆದ ಚಳಿಗಾಲದಲ್ಲಿ ಕೈಚೆಲ್ಲಿತ್ತು. ಆ ಒಂದು ಚಳಿಗಾಲದಲ್ಲೇ ಮೂರು ಸಲ ಅವರು ತಡವಾಗಿ ತಲುಪಿದ್ದರು. ಮೂರನೆಯವನು ಮರಗೆಲಸದ ಸಿಮಿಯೊನ್. ಗುರುಗಳು ಕೋಣೆಗೆ ಕಾಲಿಟ್ಟಾಗ ಅವನ ಹಣೆ ಇನ್ನೂ ಬೆಚ್ಚಗಿತ್ತು, ಮುಖ ಬಾಗಿಲ ಕಡೆಗೇ ತಿರುಗಿತ್ತು. ಆ ಮುಖವನ್ನು ಗಂಡಹೆಂಡಿರಿಬ್ಬರೂ ಮರೆತಿರಲಿಲ್ಲ. ಅದರ ಬಗ್ಗೆ ಮಾತನ್ನೂ ಆಡಿರಲಿಲ್ಲ.

"ಮಾತಿಗೆ ಮಾತು ಯಾಕೆ? ಬೆಟ್ಟಾನೇ ಹೇಳ್ಲಿ," ಎಂದು ವೆತೂರಿಯಾ ಗಡಿಯಾರವನ್ನು ಬಿಚ್ಚಿ ಗಂಡನ ಕೈಗಿಟ್ಟಳು.

ಕೆಳಗಿನ ಸೇತುವೆಯಿಂದ ಮೇಲಿನ ಪ್ಲಾಯ್ ಊರಿನವರೆಗೆ ಹನ್ನೊಂದು ಕಿಲೋಮೀಟರು, ಇಪ್ಪತ್ತಮೂರು ತಿರುವು. ಮೊದಲು ಹದಿನೆಂಟನ್ನು ಹತ್ತಿಸಿದಳು. ಅದು ಒಳ್ಳೆಯ ಮನೆಯ ಸೊಸೆಯ ಹಾಗೆ ಸದ್ದಿಲ್ಲದೆ, ಗೊಣಗದೆ ಏರಿತು. ಆಮೇಲೆ ಇಪ್ಪತ್ತೆಂಟು. ಮರದ ಮಿಲ್ಲು ದಾಟಿ ಏರು ಕಡಿದಾದಲ್ಲಿ ಅವಳು ಪೆಡಲು ಅದುಮಿದಾಗ ಎಂಜಿನ್ನಿನ ಗುನುಗು ಹಾಡಾಗಿ, ಹಾಡು ಕೂಗಾಗಿ, ಎದುರಿನ ಸುಣ್ಣಕಲ್ಲಿನ ಗೋಡೆಗೆ ಬಡಿದು ಮರಳಿ ಬಂತು. ಗುರುಗಳ ತೋಳಿನ ಮೇಲಿನ ರೋಮವೆಲ್ಲ ನಿಮಿರಿತು. ಪಕ್ಕದಲ್ಲಿ ವೆತೂರಿಯಾ ತುಟಿ ಬಿಗಿಹಿಡಿದು ಕೂತಿದ್ದಳು. ನಗು ಬರುತ್ತಿದ್ದಾಗಲೂ ಅವಳು ಹಾಗೆಯೇ ಕೂರುತ್ತಿದ್ದಳು.

ಇಳಿದು ಬಂದು ಅಂಗಳದಲ್ಲಿ ನಿಂತಾಗ ಅವಳು ಗಂಡನ ಕೈಲಿದ್ದ ಗಡಿಯಾರ ನೋಡಿದಳು. "ಎರಡು ನಿಮಿಷ. ಬರೀ ಎರಡು ನಿಮಿಷಕ್ಕೆ ಇನ್ನೆರಡು ಸಿಲಿಂಡರಾ? ದಾರಿ ಪೂರಾ ತಿರುವೇ ಇದ್ರೆ ಎಂಜಿನ್ನಿಗೆ ಕುದುರೆ ಬಲ ಎಷ್ಟಿದ್ರೇನು!"

ಎರಡು ನಿಮಿಷ ಮೊದಲು ತಲುಪಿದ್ದರೆ ಸಿಮಿಯೊನನಲ್ಲಿ ಇನ್ನೂ ಜೀವ ಇರುತ್ತಿತ್ತು ಎನ್ನಬೇಕೆಂದಿತ್ತು ಗುರುಗಳಿಗೆ. ಆದರೆ ಅದನ್ನು ಹೇಳುವುದು ಸಿಮಿಯೊನನ ಸಲುವಾಗಿಯೋ ಆ ನಾಣ್ಯದ ಸಲುವಾಗಿಯೋ ಅವರಿಗೇ ತಿಳಿದಿರಲಿಲ್ಲ. ಅಷ್ಟರಲ್ಲಿ ವೆತೂರಿಯಾ ಅವರ ಮುಖ ಓದಿದ್ದಳು.

"ಸಾಯೋರ ಹೆಸರು ಹೇಳಿ ಆಸೆ ತೀರಿಸ್ಕೋಬೇಡಿ, ಕಣ್ರೀ. ಬೇಕು ಅನ್ಸಿದ್ರೆ ಬೇಕು ಅಂತ ನೇರವಾಗಿ ಅನ್ನಿ. ಆಗ ನಾನು ಬೇಡ ಅಂತ ನೇರವಾಗಿ ಅಂತೀನಿ."

ಗುರುಗಳ ಕಿವಿ ಕೆಂಪಾಯಿತು. "ಚಿಕ್ಕದೇ ಇರ್ಲಿ ಬಿಡು," ಎಂದರು.

ಅಕ್ಸೆಂತೆ ನಿಟ್ಟುಸಿರು ಬಿಟ್ಟು ಹದಿನೆಂಟರ ಕಾಗದ ತರಲು ಒಳಗೆ ಹೋದ. ಆಗಲೇ ಗುರುಗಳ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಪ್ಲಾಯ್ ಊರಿನ ಫ್ಲೋರಿಕಾ. ಸಿಗ್ನಲ್ಲು ಸಿಗುವ ಬಂಡೆಗೆ ಓಡಿ ಬಂದು ಹತ್ತಿ ನಿಂತಿದ್ದಳು, ಏದುಸಿರು ಕೇಳಿಸುತ್ತಿತ್ತು. "ಗುರುಗಳೇ, ಅತ್ತೆ ಉಸಿರು ಮೇಲಕ್ಕೆ ಎಳೀತಿದೆ. ಬೇಗ ಬನ್ನಿ, ನಿಮ್ಮನ್ನೇ ಕೇಳ್ತಿದಾರೆ."

ಫ್ಲೋರಿಕಾಳ ಅತ್ತೆ, ಸಲೋಮಿಯಾ ಅಜ್ಜಿ! ತೊಂಬತ್ತೊಂದು ವರ್ಷದ ಮುದುಕಿ. ಒಂದು ಕಾಲಕ್ಕೆ ಇಡೀ ಕಣಿವೆಗೆ ಕಹಳೆ ಊದುತ್ತಿದ್ದವಳು. ಆಳಿಗಿಂತ ಉದ್ದದ, ತುಲ್ನಿಕ್ ಎಂಬ ಆ ಮರದ ಕಹಳೆಯನ್ನು ಹೆಗಲೆತ್ತರಕ್ಕೆ ಹಿಡಿದು ಅವಳು ಊದಿದರೆ ಮೂರು ಬೆಟ್ಟದ ಆಚೆ ಹುಲ್ಲು ಕೊಯ್ಯುವವರು ತಲೆಯೆತ್ತುತ್ತಿದ್ದರು.

ಇಪ್ಪತ್ತೆಂಟರ ಎಂಜಿನ್ನು ಇನ್ನೂ ಬಿಸಿಯಾಗಿತ್ತು, ಮೂತಿ ರಸ್ತೆಗೇ ಇತ್ತು. ವೆತೂರಿಯಾ ಒಂದು ಕ್ಷಣವೂ ಯೋಚಿಸದೆ ಅದರೊಳಗೆ ಕೂತಳು. "ಅಕ್ಸೆಂತೆ, ತಗೊಂಡೋದೆ ಕಣೋ!" ಎಂದು ಕೂಗಿ ಚರ್ಚಿನ ಬಾಗಿಲಿಗೆ ತಂದು ನಿಲ್ಲಿಸಿದಳು. ಗುರುಗಳು ಓಡಿಹೋಗಿ ಪೆಟ್ಟಿಗೆ ಎತ್ತಿಕೊಂಡು ಬಂದರು. ಆಮೇಲೆ ಅವರ ಬಾಯಿಗೆ ಬೀಗ ಬಿತ್ತು.

ಸೇತುವೆ ದಾಟಿದ ಮೇಲೆ ಅವಳು ಓಡಿಸಿದ ಬಗೆಯನ್ನು ಗುರುಗಳು ಸಾಯುವ ತನಕ ಮರೆಯಲಾರರು. ತಿರುವಿಗೊಮ್ಮೆ ಹಿಂದಿನ ಚಕ್ರ ಜಾರುತ್ತಿತ್ತು; ಗುರುಗಳು ಕಣ್ಣು ಮುಚ್ಚಿ ಪೆಟ್ಟಿಗೆಯನ್ನು ಇನ್ನಷ್ಟು ಒತ್ತಿಕೊಳ್ಳುತ್ತಿದ್ದರು. "ನಿಧಾನ" ಎನ್ನುವಂತಿಲ್ಲ, "ಬೇಗ" ಎನ್ನುವಂತೆಯೂ ಇಲ್ಲ. ವೆತೂರಿಯಾ ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿದಳು. "ಹೆದರ್ಬೇಡಿ... ಹೆದರ್ಬೇಡಿ ಅಂದೆ... ದೇವರು ನಿಮ್ಮ ಕೈಲೇ ಇದಾನಲ್ಲ." ಮಿಲ್ಲಿನ ಬಳಿ ಗೇರು ಇಳಿಸಿ ಪೆಡಲು ನೆಲಕ್ಕೊತ್ತಿದಳು. ಎಂಜಿನ್ನು ಕೂಗಿತು, ಬೆಟ್ಟ ತಿರುಗಿ ಕೂಗಿತು. "ತಡ್ಕೊಳ್ಳಜ್ಜಿ," ಎಂದಳು ವೆತೂರಿಯಾ, ಈ ಸಲ ಗಂಡನಿಗಲ್ಲ. ಅವಳ ಕಣ್ಣಲ್ಲಿ ನೀರಿತ್ತು. ಸಿಮಿಯೊನನ ಮುಖ ಅವಳ ಮುಂದೆಯೂ ಇದೆಯೆಂದು ಗುರುಗಳಿಗೆ ಆಗ ತಿಳಿಯಿತು.

ಅಜ್ಜಿಯ ಕೋಣೆಯ ಕಿಟಕಿ ಹಾರು ಹೊಡೆದಿತ್ತು. ಹಾಸಿಗೆಯಲ್ಲಿ ಅವಳು ಒಣಗಿದ ಕಡ್ಡಿಯಂತಿದ್ದಳು. ಆದರೆ ಕಣ್ಣು ತೆರೆದಿತ್ತು, ಬೆರಳ ನಡುವೆ ಮೇಣದಬತ್ತಿ ಉರಿಯುತ್ತಿತ್ತು. ಗುರುಗಳು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಬಾಯಿಯ ಬೀಗ ಬಿಚ್ಚಿ, "ಬಂದೆ, ಅಜ್ಜಿ," ಎಂದರು.

"ಗೊತ್ತು. ಸೇತುವೆ ಹತ್ರಾನೇ ಕೇಳಿಸ್ತು."

"ಏನು ಕೇಳಿಸ್ತು?"

"ಕಹಳೆ," ಎಂದಳು ಅಜ್ಜಿ. ಒಂದೊಂದು ಮಾತಿಗೂ ಉಸಿರು ಹುಡುಕಬೇಕಾಗಿತ್ತು. "ನಿಮ್ಮಜ್ಜ ಕುದುರೆ ಮೇಲೆ ಬರೋರು. ಅವರು ಸೇತುವೆ ದಾಟಿದ್ರೆ ನಾನು ಊದ್ತಿದ್ದೆ. ಮಲಗಿರೋರಿಗೆ ತಿಳೀಬೇಕಲ್ಲ, ಬರ್ತಿದಾರೆ ಅಂತ. ಆ ಸದ್ದು ಹಿಡ್ಕೊಂಡು ಎಷ್ಟು ಜನ ತಡ್ಕೊಂಡ್ರು... ನನ್ನ ಸರದಿ ಬಂದಾಗ ಊದೋರು ಯಾರೂ ಇಲ್ಲ ಅನ್ಕೊಂಡಿದ್ದೆ."

ಅವಳು ಉಸಿರೆಳೆದುಕೊಂಡು ಮುಂದುವರಿಸಿದಳು. "ಮಿಲ್ಲಿನ ಹತ್ರ ಸ್ವರ ಏರ್ತು. ಇನ್ನು ಹದಿಮೂರು ತಿರುವು, ತಡಿ ಮುದುಕಿ ಅಂದೆ. ಒಂದೊಂದೇ ಎಣಿಸ್ದೆ. ಒಳ್ಳೆ ಎದೆ ಇದೆ ಊದಿದೋರಿಗೆ."

ಗುರುಗಳು ಹಾಸಿಗೆಯ ಪಕ್ಕದಲ್ಲೇ ಕೂತರು. ಸಿಮಿಯೊನನ ಪಾಲಿಗೆ ಕೊರತೆಯಾದದ್ದು ಎರಡು ನಿಮಿಷವಲ್ಲ. ಬರುತ್ತಾರೋ ಇಲ್ಲವೋ ಎಂದು ತಿಳಿಯದೆ, ಒಂದು ಸದ್ದೂ ಇಲ್ಲದ ಕಣಿವೆಗೆ ಕಿವಿಯಿಟ್ಟು ಅವನು ಬಾಗಿಲು ನೋಡುತ್ತ ಹೋಗಿದ್ದ. ತಾವು ನಾಚಿ ಬಚ್ಚಿಟ್ಟುಕೊಂಡ, ಎಂಜಿನ್ನಿನ ಆ ಬೆರಗನ್ನೇ ಈ ಮುದುಕಿ ಊರುಗೋಲು ಮಾಡಿಕೊಂಡು ಹನ್ನೊಂದು ಕಿಲೋಮೀಟರು ಕಾದಿದ್ದಳು. ಅವರು ಪೆಟ್ಟಿಗೆ ತೆರೆದರು.

ಪಾಪನಿವೇದನೆಯಾಯಿತು, ಪ್ರಸಾದವಾಯಿತು. ಬಿಸಿಲು ಕಿಟಕಿಯಿಂದ ನೆಲಕ್ಕಿಳಿಯುವ ಹೊತ್ತಿಗೆ ಸಲೋಮಿಯಾ ಅಜ್ಜಿ ಬತ್ತಿಯ ಬೆಳಕು ಕೈಯಲ್ಲಿ ಹಿಡಿದೇ ಹೋದಳು.

ಫ್ಲೋರಿಕಾ ಗೋಡೆಯ ಮೇಲಿದ್ದ ತುಲ್ನಿಕ್ಕನ್ನು ಇಳಿಸಿ ಅಂಗಳಕ್ಕೆ ತಂದಳು. ಉದ್ದಕ್ಕೂ ಸೀಳು ಬಿಟ್ಟಿತ್ತು. ಎರಡು ಸಲ ಊದಿ ನೋಡಿದಳು. ಗಾಳಿ ಬುಸ್ಸೆಂದಿತೇ ಹೊರತು ದನಿ ಬರಲಿಲ್ಲ.

"ಮೂರು ಸಲ ಊದ್ಬೇಕಿತ್ತು, ಅಮ್ಮಾವ್ರೇ," ಎಂದು ಅವಳು ಅಳತೊಡಗಿದಳು. "ಅತ್ತೆ ಎಲ್ರಿಗೂ ಊದಿದ್ರು. ಕತ್ತಲಲ್ಲಿ ಹೋಗ್ಲಿಲ್ಲ, ಬೆಳಕು ಹಿಡ್ಕೊಂಡು ಹೋದ್ರು ಅಂತ ಕೆಳಗಿನೋರಿಗೆ ತಿಳೀಬೇಕಲ್ಲ. ಈಗ ಅವರಿಗೇ ಯಾರೂ ಇಲ್ಲ."

ವೆತೂರಿಯಾ ಅವಳ ಹೆಗಲು ಸವರಿದಳು. ಗಂಡನ ಕಡೆ ಒಮ್ಮೆ ನೋಡಿದಳು. ಅವಳು ಕಣ್ಣೊರೆಸಿಕೊಂಡು ಹೋಗಿ ಕಾರಿನೊಳಗೆ ಕೂತಳು. ಅದನ್ನು ಹಿಂದಕ್ಕೆ ತೆಗೆದು, ಹೊಗೆಕೊಳವೆ ಕಣಿವೆಯ ಕಡೆಗಿರುವಂತೆ ಬೇಲಿಯ ಅಂಚಿಗೆ ತಂದು ನಿಲ್ಲಿಸಿದಳು.

ಪೆಡಲು ಅದುಮಿದಾಗ ಮೊದಲನೆಯ ಕೂಗು ಸಣ್ಣದಾಗಿ ಹುಟ್ಟಿ, ಏರಿ ಏರಿ ತುದಿ ಮುಟ್ಟಿ, ಎದುರಿನ ಕಲ್ಲುಗೋಡೆಗೆ ತಾಗಿ ಮರಳಿತು. ಅದು ಪೂರ್ತಿ ಅಡಗುವ ತನಕ ಅವಳು ಕಾದಳು. ಎರಡನೆಯದಕ್ಕೆ ಕೆಳಗಿನ ಊರಿನ ಬಾಗಿಲುಗಳು ಒಂದೊಂದಾಗಿ ತೆರೆದವು. ಗಂಡಸರು ಹೊರಬಂದು ಮೇಲೆ ನೋಡಿ ಟೋಪಿ ತೆಗೆದರು.

ಮೂರನೆಯದು ಮುಗಿದಾಗ ಎದುರು ಬೆಟ್ಟದ ಇಳಿಜಾರಿನಲ್ಲಿ ಹುಲ್ಲು ಗೋರುತ್ತಿದ್ದ ಹೆಂಗಸೊಬ್ಬಳು ಕೈಯಲ್ಲಿದ್ದ ಗೋರೆಯನ್ನು ನೆಲಕ್ಕೆ ಊರಿ ನಿಲ್ಲಿಸಿ, ಇತ್ತ ತಿರುಗಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.