ಬೊಂಡಾಸ್ ಹುಟ್ಟಿದ ಕಡಲು

ಬೈಕಂಪಾಡಿಯ ಮೀನು ರಫ್ತು ಕಂಪನಿಯೊಂದರಲ್ಲಿ ಪ್ರಭಾ ಇಪ್ಪತ್ತೆರಡು ವರ್ಷದಿಂದ ಕಾಗದಪತ್ರ ನೋಡಿಕೊಳ್ಳುತ್ತಿದ್ದಳು. ಮಣ್ಣಗುಡ್ಡದ ಪುರೋಹಿತರ ಮನೆಯ ಸೊಸೆ. ಮೀನನ್ನು ಕೈಯಿಂದ ಮುಟ್ಟಿದವಳಲ್ಲ. ಆದರೆ ಯಾವ ಮೀನು ಯಾವ ದೇಶಕ್ಕೆ ಯಾವ ಕಾಗದದ ಜೊತೆ ಹೋಗಬೇಕೆಂಬುದು ಅವಳಿಗೆ ಬಾಯಿಪಾಠ. ಅವಳ ಬರಹದಲ್ಲಿ ತಪ್ಪು ಹಿಡಿದು ಯಾವ ಬಂದರಿನವರೂ ಕಂಟೇನರ್ ತಡೆದದ್ದಿರಲಿಲ್ಲ. ಅವಳಿಗಿದ್ದ ಜಂಬ ಅದೊಂದೇ.

ಆಗಸ್ಟ್ ಕೊನೆಗೆ ಅಮೆರಿಕ ಭಾರತದ ಸರಕಿನ ಮೇಲೆ ಐವತ್ತು ಪರ್ಸೆಂಟ್ ಸುಂಕ ಹಾಕಿತು. ಕಂಪನಿಯ ಬೊಂಡಾಸ್, ಅಂದರೆ ಸ್ಕ್ವಿಡ್, ಮುಕ್ಕಾಲು ಪಾಲು ಹೋಗುತ್ತಿದ್ದುದು ಅಲ್ಲಿಗೇ. ಅಲ್ಲಿನ ಖರೀದಿದಾರ ಎರಡು ಸಾಲಿನ ಮೇಲ್ ಕಳಿಸಿದ: ಸುಂಕವನ್ನು ನೀವು ಹೊರುವುದಾದರೆ ಕಳಿಸಿ, ಇಲ್ಲವಾದರೆ ಬೇಡ.

ಧಣಿ ಮೋಹನದಾಸ್ ದುಬೈಯಲ್ಲಿ ಬಹಳ ಕಾಲ ದುಡಿದು ಬಂದು ಕಂಪನಿ ಕಟ್ಟಿದವನು. ಪ್ರಭಾಳನ್ನು ತನ್ನ ಕೋಣೆಗೆ ಕರೆದು ಬಾಗಿಲು ಎಳೆದುಕೊಂಡ.

“ಎಮಿರೇಟ್ಸಿನ ಮಾಲಿಗೆ ಹತ್ತೇ ಪರ್ಸೆಂಟ್ ಸುಂಕ ಅಂತೆ ಪ್ರಭಕ್ಕ. ನನ್ನ ಹೆಂಡತಿಯ ತಮ್ಮ ಮುಖೇಶನ ಕಂಪನಿ ಉಂಟಲ್ಲ ದುಬೈಯಲ್ಲಿ? ಇಲ್ಲಿಯೇ ಪೆಟ್ಟಿಗೆಗಳ ಚೀಟಿ ಬದಲಾಯಿಸಿ ಅವನಿಗೆ ಕಳಿಸುವ. ಅವನು ಅಮೆರಿಕಕ್ಕೆ ಹಾಕ್ತಾನೆ. ಬೊಂಡಾಸ್ ದುಬೈಯದ್ದೇ ಅಂತ ಅವನ ಪರವಾಗಿ ನೀವೊಂದು ಕಾಗದ ಬರೆದು ಸಹಿ ಹಾಕಿದ್ರೆ ಆಯ್ತು.”

“ಬೆಂಗ್ರೆಯ ಬೋಟಿನಲ್ಲಿ ಬಂದದ್ದನ್ನು ಅಲ್ಲಿಯ ಕಡಲಿನದ್ದು ಅಂತ ಬರೆಯುದಾ?”

“ಕಡಲಿಗೆ ಎಂತ ಗೋಡೆ ಉಂಟಾ?”

“ಕಡಲಿಗೆ ಇಲ್ಲ, ಕಾಗದಕ್ಕೆ ಉಂಟು. ನಾನು ಸಹಿ ಹಾಕುದಿಲ್ಲ.”

ಮೋಹನದಾಸ್ ಒತ್ತಾಯಿಸಲಿಲ್ಲ. ಮರುದಿನ, ಬೊಂಡಾಸ್ ಸುಲಿಯುವ ಅರವತ್ತು ಹೆಂಗಸರಿಗೆ ಸೋಮವಾರದಿಂದ ಬರಬೇಡಿ ಎಂದು ಹೇಳಿಬಿಟ್ಟ. ಮಧ್ಯಾಹ್ನ ಅವರ ಮೇಸ್ತ್ರಿ ನುಸೈಬಾ, ಬೆಂಗ್ರೆಯಿಂದ ದಿನಾ ದೋಣಿಯಲ್ಲಿ ಹೊಳೆ ದಾಟಿ ಬರುವವಳು, ಎಂದೂ ಹತ್ತದ ಆಫೀಸಿನ ಮೆಟ್ಟಿಲು ಹತ್ತಿ ಬಂದು ಬಾಗಿಲಾಚೆಯೇ ನಿಂತಳು.

“ಮೇಡಮಿನ ಒಂದು ಸಹಿ ಬಿದ್ರೆ ಕೆಲಸ ಉಂಟು, ಇಲ್ಲದಿದ್ರೆ ಇಲ್ಲ ಅಂತ ಧಣಿಗಳು ಹೇಳಿದ್ರು. ಹೌದಾ?”

ಹೆಂಗಸರಿಗೆ ಅವನು ಹಾಗೆ ಹೇಳಿಯಾನೆಂದು ಪ್ರಭಾ ಎಣಿಸಿರಲಿಲ್ಲ. “ಅದು ಸುಳ್ಳು ಕಾಗದ, ನುಸೈಬಾ.”

“ಇರಬಹುದು. ಅಮೆರಿಕಕ್ಕೂ ನಮಗೂ ಎಂತ ಜಗಳ ಅಂತ ನನಗೆ ಗೊತ್ತಿಲ್ಲ. ಗಂಡ ಬೋಟಿನಲ್ಲಿ ಬಿದ್ದು ಸೊಂಟ ಹೋಗಿ ಎರಡು ವರ್ಷ ಆಯ್ತು. ಮನೆಯಲ್ಲಿ ದುಡಿಯುದು ನಾನೊಬ್ಬಳೇ.”

ಐಸ್ ನೀರಿನಲ್ಲಿ ನೆನೆದು ನೆನೆದು ಅವಳ ಬೆರಳುಗಳ ಚರ್ಮ ಬಿಳಿಚಿ ಬಿರಿದಿತ್ತು. ಪ್ರಭಾ ಕಣ್ಣು ತಪ್ಪಿಸಿದಳು.

ಸಂಜೆ ಗಂಡ ಮಧ್ವರಾಜನಿಗೆ ಹೇಳಿದಳು. ದೇವಸ್ಥಾನದ ಪೂಜೆ ಮುಗಿಸಿ ಬಂದಿದ್ದ ಅವನು ಎಲೆಯಿಂದ ತಲೆಯೆತ್ತದೆ, “ಹಾಕ್ಬೇಡ. ಅವರಿಗೆ ಬೇರೆ ಕೆಲಸ ಸಿಗ್ತದೆ” ಎಂದ. ಮಾತು ಸರಿಯೇ. ಆದರೆ ಅವನು ಅದನ್ನು ಅಷ್ಟು ಸಲೀಸಾಗಿ ಹೇಳಿ ಸಾರು ಕಲಸಿಕೊಂಡದ್ದು, ನುಸೈಬಾಳ ಬೆರಳು ನೋಡಿ ಬಂದಿದ್ದ ಅವಳಿಗೆ ಸಹಿಸಲಾಗಲಿಲ್ಲ. ಬೆಳಿಗ್ಗೆ ಹೋಗಿ ಸಹಿ ಹಾಕಿದಳು.

ಸೋಮವಾರ ಅರವತ್ತು ಹೆಂಗಸರೂ ಬಂದರು. ನುಸೈಬಾ ಅವಳ ಮೇಜಿನ ಮೇಲೆ ಒಂದು ಚೆಂಡು ಮಲ್ಲಿಗೆ ಇಟ್ಟು ಹೋದಳು. ಮೊದಲ ಕಂಟೇನರ್ ಅಮೆರಿಕ ಮುಟ್ಟುವವರೆಗೆ ಪ್ರಭಾಳಿಗೆ ಊಟ ಸೇರಲಿಲ್ಲ. ಆರನೆಯದರ ಹೊತ್ತಿಗೆ ಪೆನ್ನು ತಾನಾಗಿಯೇ ಓಡುತ್ತಿತ್ತು. ಹೀಗೆ ಹನ್ನೊಂದು ಹೋದವು.

ಜನವರಿಯಲ್ಲಿ ಅಮೆರಿಕದ ಬಂದರಿನವರು ಒಂದು ಪೆಟ್ಟಿಗೆಯ ಮಂಜು ಕರಗಿಸಿ ನೋಡಿದರು. ಬೊಂಡಾಸಿನ ನಡುವೆ ಪ್ಲಾಸ್ಟಿಕ್ ಬಿಲ್ಲೆಯೊಂದು ಹೆಪ್ಪುಗಟ್ಟಿತ್ತು. ಎಷ್ಟು ಸುಲಿದರೆಂದು ಲೆಕ್ಕಕ್ಕೆ ಹೆಂಗಸರಿಗೆ ಕೊಡುವ ಬಿಲ್ಲೆ. ಅದರ ಮೇಲೆ ಕನ್ನಡದಲ್ಲಿ ಬೈಕಂಪಾಡಿ ಎಂದಿತ್ತು.

ಮುಖೇಶನ ಹತ್ತಿರ ಮಾತಾಡಿ ಬರುತ್ತೇನೆಂದು ಮೋಹನದಾಸ್ ವಿಮಾನ ಹತ್ತಿದ. ಮತ್ತೆ ಅವನು ಫೋನಿಗೆ ಸಿಗಲಿಲ್ಲ. ವಾರದೊಳಗೆ ಕಂಪನಿಯ ಗೇಟಿಗೆ ಬೀಗ ಬಿತ್ತು. ಹನ್ನೊಂದು ಕಾಗದಗಳಲ್ಲೂ ಇದ್ದದ್ದು ಪ್ರಭಾ ಒಬ್ಬಳದೇ ಹೆಸರು. ವಿಷಯ ಪೇಪರಿನಲ್ಲಿ ಬಂದ ಮೇಲೆ, ಗಲಾಟೆ ತಣಿಯುವವರೆಗೆ ರಜೆ ಮಾಡಿ ಎಂದು ದೇವಸ್ಥಾನದವರು ಮಧ್ವರಾಜನಿಗೆ ಮೆತ್ತಗೆ ಹೇಳಿದರು.

ಕಸ್ಟಮ್ಸಿನವರು ಪ್ರಭಾಳನ್ನು ವಿಚಾರಣೆಗೆ ಕರೆದರು. ಅದರ ಹಿಂದಿನ ದಿನ ನುಸೈಬಾ ಮಣ್ಣಗುಡ್ಡದ ಮನೆ ಹುಡುಕಿಕೊಂಡು ಬಂದಳು.

“ಇಂಡಿಯಾ ಅಂತ ಇದ್ದ ಚೀಟಿ ಕಿತ್ತು ಬೇರೆ ಅಂಟಿಸಿದ್ದು ನಾನೇ ಮೇಡಂ. ನಾಳೆ ನಾನೂ ಬರ್ತೇನೆ. ನಾವೇ ನಿಮ್ಮನ್ನು ಕೇಳಿಕೊಂಡದ್ದು ಅಂತ ಹೇಳ್ತೇನೆ.”

“ಬೇಡ. ನೀನು ಬಾಯಿ ಬಿಟ್ರೆ ನಿನ್ನ ಹೆಸರೂ ಬರೀತಾರೆ. ಅದರಿಂದ ನನ್ನ ತಪ್ಪು ಹೇಗೂ ಕಡಿಮೆ ಆಗುದಿಲ್ಲ.”

“ನಮ್ಮಿಂದ ಆಯ್ತು ನಿಮಗೆ ಇದು.”

ಅಲ್ಲ ಎಂದು ಹೇಳಬೇಕಿತ್ತು. ಪ್ರಭಾ ಒಳಗೆ ಹೋಗಿ ನೀರು ಬೆಲ್ಲ ತಂದುಕೊಟ್ಟಳು. ನುಸೈಬಾ ನೀರು ಮಾತ್ರ ಕುಡಿದು ಹೋದಳು.

ಮರುದಿನ ಅಧಿಕಾರಿ ಕಾಗದಗಳನ್ನು ಒಂದೊಂದಾಗಿ ಮುಂದಿಟ್ಟ. “ಸಹಿ ನಿಮ್ಮದೇ?”

“ನನ್ನದೇ.”

“ಸುಳ್ಳು ಅಂತ ಗೊತ್ತಿತ್ತಾ?”

“ಗೊತ್ತಿದ್ದೇ ಹಾಕಿದ್ದು. ಬರೆಸಿದ್ದು ಮೋಹನದಾಸ್.”

“ಕೆಳಗಿನ ಹೆಂಗಸರಲ್ಲಿ ಯಾರಿಗೆ ಗೊತ್ತಿತ್ತು?”

“ಯಾರಿಗೂ ಇಲ್ಲ. ಅವರದ್ದು ಸುಲಿಯುವ ಕೆಲಸ ಮಾತ್ರ.”

ಅವನು ಅವಳು ಹೇಳಿದ್ದನ್ನು ಟೈಪ್ ಮಾಡಿಸಿದ. ಪ್ರಭಾ ರೂಢಿಯಂತೆ ಕೊನೆಯ ಸಾಲಿನವರೆಗೂ ಓದಿ ಸಹಿ ಹಾಕಿದಳು.

ಹೊರಗೆ ಬೆಂಚಿನ ಮೇಲೆ ಮಧ್ವರಾಜ ಕೊಡೆ ಹಿಡಿದು ಕೂತಿದ್ದ.

“ಎಂತ ಹೇಳಿದ್ರು?”

“ಮುಂದಿನ ಸಲ ವಕೀಲರನ್ನು ಕರ್ಕೊಂಡು ಬರ್ಲಿಕ್ಕೆ. ಅರೆಸ್ಟ್ ಆಗ್ಬಹುದು ಅಂತ ಕೂಡ ಹೇಳಿದ್ರು.”

ಅವನು ಅವಳ ಚೀಲ ತೆಗೆದುಕೊಂಡ. ಬಿಸಿಲು ಉರಿಯುತ್ತಿತ್ತು. ಇಬ್ಬರೂ ಒಂದೇ ಕೊಡೆಯಲ್ಲಿ ಬಸ್ ಸ್ಟಾಪಿನ ಕಡೆ ನಡೆದರು.