ಬೆರಳು ಒರೆಸಿ ಮತ್ತೊಮ್ಮೆ ಇಡಿ

ಇಬ್ಬರು ಹೆಂಗಸರು ಹಂಡೆಯ ಕಿವಿ ಹಿಡಿದು ಬಿಸಿನೀರು ತರುತ್ತಿದ್ದರು. ಹಿತ್ತಲಿನಲ್ಲಿ ಹಳೆಯ ಸೀರೆ ಕಟ್ಟಿ ಮಾಡಿದ್ದ ಮರೆಯೊಳಗೆ ಅವರಿಗೆ ದಾರಿ ಬಿಡಲು ಭಾನು ಗೋಡೆಗೆ ಒತ್ತಿಕೊಂಡಳು. ಹೆಗಲಿನ ಬ್ಯಾಗನ್ನು ಮಾತ್ರ ಇಳಿಸಲಿಲ್ಲ.

"ಆ ಬ್ಯಾಗ್ ಎಲ್ಲಾರ ನೇತಾಕವ್ವ," ಎಂದಳು ದೊಡ್ಡಮಾದಮ್ಮ. "ನೀರು ಸಿಡೀತದೆ. ಇಲ್ಯಾರೂ ನಿನ್ ಬ್ಯಾಗ್ ಎತ್ಕಂಡೋಗಕಿಲ್ಲ."

"ಇರ್ಲಿ ಬುಡವ್ವ."

ಹಲಗೆಯ ಮೇಲೆ ನಾಗರತ್ನ ಮಲಗಿದ್ದಳು. ಪುರಸಭೆಯ ಉಗ್ರಾಣವನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡವಳು. ನಿನ್ನೆ ಬೆಳಿಗ್ಗೆ ಎದೆ ಹಿಡಿದುಕೊಂಡಂತಾಗುತ್ತಿದೆ ಎಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಪಟ್ಟಣದ ಬಾಡಿಗೆಮನೆಯಿಂದ ಹೆಣವನ್ನು ಗಂಡನ ಊರಾದ ಹರವೆಗೆ ತಂದಿದ್ದರು. ಗಂಡ ಪುಟ್ಟಮಾದು ಅದೇ ಪುರಸಭೆಯಲ್ಲಿ ನೀರು ಬಿಡುವ ಕೆಲಸದಲ್ಲಿದ್ದು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದ. ಅವನ ಸಾವಿನಿಂದ ಬಂದ ನೌಕರಿ ಅವಳದು. ಮಕ್ಕಳಿರಲಿಲ್ಲ. ಈಗ ಉಳಿದವಳು ಅತ್ತೆ ದೊಡ್ಡಮಾದಮ್ಮ ಒಬ್ಬಳೇ. ಎಂಬತ್ತರ ಮುದುಕಿ, ಅಳುವುದನ್ನೆಲ್ಲ ರಾತ್ರಿಯೇ ಮುಗಿಸಿದವಳಂತೆ ಚೊಂಬು ಹಿಡಿದು ನಿಂತಿದ್ದಳು.

"ಮೊದ್ಲು ಕೈ ತೊಳಿಯವ್ವ. ಬಿಳೀ ಪುಡಿ ಕೈ ಅದು. ಅನ್ನ ಉಂಡ್ರೂ ಅದ್ರುದೇ ವಾಸ್ನೆ ಅನ್ನಳು."

ಭಾನು ಬಗ್ಗಿ ಆ ಕೈಯನ್ನು ಎತ್ತಿಕೊಂಡಳು. ಬಗ್ಗಿದಾಗ ಬ್ಯಾಗು ಜಾರಿ ಹಲಗೆಗೆ ಬಡಿಯಿತು. ಒಳಗಿದ್ದದ್ದು ಟಕ್ ಎಂದಿತು. ಅವಳು ಮೊಣಕೈಯಿಂದ ಅದನ್ನು ಬೆನ್ನ ಹಿಂದಕ್ಕೆ ತಳ್ಳಿದಳು.

*

ಬೆಳಿಗ್ಗೆ ಕಚೇರಿಯ ಜೀಪಿನಲ್ಲಿ ಬರುವಾಗ ವ್ಯವಸ್ಥಾಪಕ ಮಲ್ಲಿಕಾರ್ಜುನಸ್ವಾಮಿ ದಾರಿಯ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿದ್ದರು. ಸಾವಿನ ಮನೆಯಲ್ಲಿ ಎಷ್ಟು ಹೊತ್ತಾಗುತ್ತದೋ ಎಂದು ಇಡ್ಲಿ, ವಡೆ, ಮೇಲೊಂದು ಮಸಾಲೆದೋಸೆ. ಹಾರ ಜೀಪಿನ ಹಿಂದಿನ ಸೀಟಿನಲ್ಲಿ ಭಾನುವಿನ ಪಕ್ಕ ಬಾಡುತ್ತಿತ್ತು. ತಿಂದು ಬಂದು ಹಲ್ಲಿಗೆ ಕಡ್ಡಿ ಹಾಕುತ್ತ, ಮುಂದಿನ ಸೀಟಿನಿಂದಲೇ ಕೈ ಹಿಂದಕ್ಕೆ ಚಾಚಿ ಅವರು ಒಂದು ಪ್ಲಾಸ್ಟಿಕ್ ಕವರು ಕೊಟ್ಟರು.

"ಏನ್ ಸಾರ್ ಇದು?"

"ನೋಡಿದ್ರೆ ಗೊತ್ತಾಗಲ್ವಾ? ಉಗ್ರಾಣದ ಹೆಬ್ಬೆಟ್ಟಿನ ಮಿಷನ್ನು. ಜೊತೆಗೆ ಆಫೀಸ್ ಫೋನಿದೆ. ನಾಗರತ್ನಳ ಲಾಗಿನ್ ಓಪನ್ ಮಾಡಿಟ್ಟಿದ್ದೀನಿ. ಹೆಬ್ಬೆರಳು ಒತ್ತಿಸಿದ್ರೆ ಮುಗೀತು."

ಭಾನುವಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ತಪ್ಪಾಗಿ ಕೇಳಿಸಿಕೊಂಡೆನೇನೋ ಅನ್ನಿಸಿತು.

"ಅವರು ತೀರ್ಕೊಂಡವ್ರೆ ಸಾರ್."

"ಸಿಸ್ಟಮ್‌ನಲ್ಲಿ ತೀರ್ಕೊಂಡಿಲ್ಲ. ಸಾವಿನ ಪತ್ರ ಹೋಗಿ ಲಾಗಿನ್ ಮುಚ್ಚೋ ತನಕ ಅವಳು ಡ್ಯೂಟಿ ಮೇಲೇ ಇರ್ತಾಳೆ. ನಾಳೆ ಮಾರ್ಚ್ ಮೂವತ್ತೊಂದು. ಇನ್ನೂರು ಚೀಲ ಬ್ಲೀಚಿಂಗ್ ಪೌಡರ್ ಶುಕ್ರವಾರದಿಂದ ಅಂಗಳದಲ್ಲಿ ಕೂತಿದೆ. ಮಾಲು ಬಂತು ಅಂತ ಅವಳು ಒಪ್ಕೊಳ್ದೆ ಬಿಲ್ಲು ಒಂದಿಂಚೂ ಅಲ್ಲಾಡಲ್ಲ."

ಜೀಪು ಗಕ್ಕನೆ ನಿಂತಿತು. ಮಲ್ಲಿಕಾರ್ಜುನಸ್ವಾಮಿಯವರ ಹಣೆ ಗಾಜಿಗೆ ತಾಗುವುದು ಸ್ವಲ್ಪದರಲ್ಲಿ ತಪ್ಪಿತು.

"ನಾಯಿ ಅಡ್ಡ ಬಂತು ಸಾರ್," ಎಂದ ಖಲೀಲ್. ವಾರದ ಉಳಿದ ದಿನ ನೀರಿನ ಟ್ಯಾಂಕರ್ ಓಡಿಸುವವನು. ರಸ್ತೆಯ ಮೇಲೆ ನಾಯಿಯಿರಲಿಲ್ಲ.

"ನೋಡಿ ಓಡ್ಸಯ್ಯ. ನೋಡಮ್ಮ ಭಾನು, ಹೆಂಗಸರು ಸ್ನಾನ ಮಾಡ್ಸೋ ಕಡೆ ನಾನು ಬರಕ್ಕಾಗಲ್ಲ. ನೀನು ಹೋಗ್ಬೋದು. ಎರಡು ನಿಮಿಷದ ಕೆಲ್ಸ."

"ನನ್ ಕೈಲಾಗಲ್ಲ ಸಾರ್."

"ಆಗದಿದ್ರೆ ಬೇಡ." ಅವರ ದನಿ ಏರಲಿಲ್ಲ. "ನಾಳೆ ತಾತ್ಕಾಲಿಕ ಅಂತ ಮಾಲು ಒಪ್ಕೊಳ್ಳೋ ಕೆಲ್ಸ ಸಿಸ್ಟಮ್‌ನಲ್ಲಿ ನಿನ್ನ ಹೆಸರಿಗೆ ಹಾಕಿಸ್ತೀನಿ. ನೀನೇ ಹೆಬ್ಬೆಟ್ಟು ಕೊಡು. ಆಮೇಲೆ ಯಾವತ್ತೋ ಮಾಲು ಸರಿಯಿಲ್ಲ ಅಂತ ತನಿಖೆ ಬಂದ್ರೆ, ಯಾರ ಹೆಬ್ಬೆಟ್ಟಿದೆಯೋ ಅವರನ್ನ ಕೇಳ್ತಾರೆ. ಸತ್ತವರನ್ನ ಯಾರೂ ಕರೆದು ಕೇಳಲ್ಲ. ನಿನ್ ಒಳ್ಳೇದಕ್ಕೇ ಹೇಳ್ತಿರೋದು. ಏಪ್ರಿಲ್‌ಗೆ ನಿಮ್ಮ ಹೊರಗುತ್ತಿಗೆ ಮುಂದುವರಿಸೋ ಪಟ್ಟಿ ಮೇಲಕ್ಕೆ ಹೋಗೋದೂ ನನ್ನ ಟೇಬಲ್ಲಿಂದಾನೇ."

ಭಾನು ಹನ್ನೊಂದು ವರ್ಷದಿಂದ ಹೊರಗುತ್ತಿಗೆಯಲ್ಲಿ ಕಂಪ್ಯೂಟರ್ ಒತ್ತುತ್ತಿದ್ದವಳು. ಗುಂಡ್ಲುಪೇಟೆಯಲ್ಲಿ ಅಮ್ಮನ ಮನೆಯಲ್ಲಿ ಓದುತ್ತಿದ್ದ ಮಗಳಿಗೆ ಅವಳನ್ನು ಬಿಟ್ಟರೆ ಬೇರೆ ದಿಕ್ಕಿರಲಿಲ್ಲ. ಕವರನ್ನು ಮಡಿಲಿನಲ್ಲಿಟ್ಟುಕೊಂಡು ಒಂದು ಮೈಲಿ ಕೂತಿದ್ದಳು. ಆಮೇಲೆ ಅದನ್ನು ಬ್ಯಾಗಿನೊಳಗೆ ಹಾಕಿ ಜಿಪ್ಪೆಳೆದಳು.

*

ಆ ಸಿಸ್ಟಮ್ ಬಂದದ್ದು ನಾಲ್ಕು ವರ್ಷದ ಹಿಂದೆ. ಚಾಮರಾಜನಗರದ ಸಭಾಂಗಣದಲ್ಲಿ ಎರಡು ದಿನ ತರಬೇತಿಯಿತ್ತು. ಬೆಂಗಳೂರಿನಿಂದ ಬಂದ ಹುಡುಗಿ ಪರದೆಯ ಮೇಲೆ ಮೂರು ಉಂಗುರ ತೋರಿಸಿ, ಸಾಮಾನು ಬೇಕೆಂದು ಕೇಳುವವರು ಒಬ್ಬರು, ಬಂದದ್ದನ್ನು ನೋಡಿ ತೆಗೆದುಕೊಳ್ಳುವವರು ಒಬ್ಬರು, ಮಂಜೂರು ಮಾಡುವವರು ಒಬ್ಬರು, ಮೂವರೂ ಬೇರೆಬೇರೆ ಇದ್ದರೆ ಕಳವಿಗೆ ಜಾಗವೇ ಇರುವುದಿಲ್ಲ ಎಂದಳು. ನಾಗರತ್ನ ನೋಟ್‌ಬುಕ್ಕಿನಲ್ಲಿ ಮೂರು ಉಂಗುರಗಳನ್ನೂ ಬರೆದುಕೊಂಡು, ನಡುವಿನದರೊಳಗೆ ತನ್ನ ಹೆಸರನ್ನು ದುಂಡಗೆ ಬರೆದಿದ್ದಳು.

ಕೇಳುವ ಕೆಲಸ ಭಾನುವಿಗೆ ಬಂತು. ವಾರ ಕಳೆಯುವುದರೊಳಗೆ ಮೂರು ಉಂಗುರದ ಪಾಸ್‌ವರ್ಡುಗಳೂ ಮಲ್ಲಿಕಾರ್ಜುನಸ್ವಾಮಿಯವರ ಡೈರಿಯ ಒಂದೇ ಹಾಳೆಯಲ್ಲಿದ್ದವು. ಅವರೇ ಕೇಳುತ್ತಿದ್ದರು, ಅವರೇ ಮಂಜೂರು ಮಾಡುತ್ತಿದ್ದರು. ನಡುವಿನದಕ್ಕೆ ಮಾತ್ರ ಪಾಸ್‌ವರ್ಡಿನ ಜೊತೆಗೆ ಹೆಬ್ಬೆರಳೂ ಬೇಕಿತ್ತು. ಅದನ್ನು ಡೈರಿಯಲ್ಲಿ ಬರೆದುಕೊಳ್ಳುವಂತಿರಲಿಲ್ಲ.

ಆ ಹೆಬ್ಬೆರಳೋ ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಇಪ್ಪತ್ತು ವರ್ಷ ಬ್ಲೀಚಿಂಗು, ನೀರು ತಿಳಿಯಾಗಿಸುವ ಪಟಿಕದ ಗಡ್ಡೆ ಮುಟ್ಟಿಮುಟ್ಟಿ ಅದರ ಮೇಲಿನ ಗೆರೆಗಳೆಲ್ಲ ಸವೆದು ಬೋಳಾಗಿದ್ದವು. ನಾಗರತ್ನ ಒತ್ತಿದಾಗಲೆಲ್ಲ ಮಿಷನ್ನಿನ ಹೆಣ್ಣುದನಿ, ಬೆರಳು ಒರೆಸಿ ಮತ್ತೊಮ್ಮೆ ಇಡಿ, ಎನ್ನುತ್ತಿತ್ತು. ಭಾನು ಎದ್ದು ಬಂದು ಆ ಬೆರಳನ್ನು ತನ್ನ ಸೆರಗಿನಿಂದ ಒರೆಸಿ, ಬಾಯಿಂದ ಬಿಸಿಯುಸಿರು ಊದಿ ಇಡಿಸುವಳು. ಅದಕ್ಕೂ ಬಗ್ಗದಿದ್ದರೆ ತಲೆಯ ಎಣ್ಣೆಗೆ ಒಂದು ಸಲ ಉಜ್ಜುವುದು. ಏಳನೆಯದೋ ಎಂಟನೆಯದೋ ಸಲಕ್ಕೆ ಹಸಿರು ದೀಪ ಹತ್ತುತ್ತಿತ್ತು.

"ನಾನು ನಾನಲ್ಲ ಅಂತದೆ ಕಣಮ್ಮಿ ಇದು," ಎಂದು ನಾಗರತ್ನ ನಗುತ್ತಿದ್ದಳು. "ಹುಟ್ದಾಗಿಂದ ನಾನೇ ಅಲ್ವ?"

ಹೋದ ಶುಕ್ರವಾರ ಲಾರಿ ಬಂದಾಗ ಅವಳು ನಗಲಿಲ್ಲ. ಒಂದು ಚೀಲದ ಹೊಲಿಗೆ ಬಿಚ್ಚಿ ಮೂತಿಯಿಟ್ಟು ಮೂಸಿದಳು. ಇನ್ನೊಂದು, ಮತ್ತೊಂದು. ಆಮೇಲೆ ವ್ಯವಸ್ಥಾಪಕರ ಟೇಬಲ್ಲಿನ ಮುಂದೆ ನಿಂತು, ಇದು ಬ್ಲೀಚಿಂಗ್ ಅಲ್ಲ ಎಂದಳು.

"ಚೀಲ ಬಿಚ್ತಿದ್ದಂಗೇ ಕಣ್ಣಲ್ಲಿ ನೀರು ಬರ್ಬೇಕು ಸಾರ್. ಬರ್ಲೇ ಇಲ್ಲ. ಬರೀ ಸುಣ್ಣ. ಇದ್ನ ಟ್ಯಾಂಕಿಗೆ ಹಾಕುದ್ರೆ ಮಕ್ಳುಮರಿ ವಾಂತಿಭೇದಿ ಅಂತ ಮಲಿಕ್ಕತವೆ. ವಾಪಸ್ ಕಳ್ಸಿ."

"ಟೆಸ್ಟ್ ರಿಪೋರ್ಟ್ ಇದೆಯಲ್ಲ."

"ಹಂಗಾದ್ರೆ ರಿಪೋರ್ಟೇ ನೀರಿಗೆ ಹಾಕುಸ್ಬುಡಿ."

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಮಲ್ಲಿಕಾರ್ಜುನಸ್ವಾಮಿಯವರ ಕಿವಿ ಕೆಂಪಾಯಿತು. ಮಿಷನ್ನನ್ನು ಅವಳತ್ತ ತಳ್ಳಿ, "ಗಂಡನ ಹೆಣದ ಮೇಲೆ ಬಂದ ನೌಕರಿ. ಎಷ್ಟು ಕೊಬ್ಬು ನೋಡು," ಎಂದರು. ನಾಗರತ್ನ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತೇ ಇದ್ದಳು. ಐದು ಅಡಿ ದೂರದಲ್ಲಿ ಭಾನು ಇದ್ದಳು. ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. ಪರದೆಯ ಮೇಲೆ ಟೈಪು ಮಾಡುವುದೇನೂ ಇರಲಿಲ್ಲ, ಆದರೂ ಬೆರಳು ಆಡಿಸುತ್ತಿದ್ದಳು.

ಸಂಜೆ ಉಗ್ರಾಣದ ಬೀಗ ಎಳೆದು ನೋಡುತ್ತ ನಾಗರತ್ನ, "ನೀನಾರು ಒಂದ್ ಮಾತು ಅನ್ಬೋದಿತ್ತು ಕಣಮ್ಮಿ," ಎಂದಳು. ಅಷ್ಟೇ. ಅವಳು ಭಾನುವಿನೊಂದಿಗೆ ಆಡಿದ ಕೊನೆಯ ಮಾತು ಅದು.

*

ಮೈ ತೊಳೆದದ್ದಾಯಿತು. ಹೆಂಗಸರಿಬ್ಬರು ಖಾಲಿ ಹಂಡೆ ಎತ್ತಿಕೊಂಡು ಹೋದರು. ದೊಡ್ಡಮಾದಮ್ಮ ಹೆಬ್ಬೆರಳು ಕಟ್ಟಲು ಬಟ್ಟೆಯ ಚೂರು ಹರಿದು ತರುತ್ತೇನೆಂದು ಒಳಗೆ ಹೋದಳು. ಮರೆಯೊಳಗೆ ಭಾನು, ನಾಗರತ್ನ ಇಬ್ಬರೇ.

ಭಾನು ಜಿಪ್ಪೆಳೆದಳು. ತಂತಿಯನ್ನು ಫೋನಿಗೆ ಸಿಕ್ಕಿಸಿದಳು. ಗಾಜಿನ ಕೆಳಗೆ ಕೆಂಪು ದೀಪ ಹತ್ತಿತು. ನೀರಿನಲ್ಲಿ ನೆನೆದು ನೆರಿಗೆಗಟ್ಟಿದ್ದ ಹೆಬ್ಬೆರಳನ್ನು ಹಿಡಿದು ಗಾಜಿನ ಮೇಲೆ ಒತ್ತಿದಳು. ಅದು ಬಾವಿಯ ಕಲ್ಲಿನಷ್ಟು ತಣ್ಣಗಿತ್ತು.

"ಬೆರಳು ಒರೆಸಿ ಮತ್ತೊಮ್ಮೆ ಇಡಿ," ಎಂದಿತು ಮಿಷನ್ನು.

ಭಾನು ಬೆಚ್ಚಿ ಫೋನಿನ ಸದ್ದು ಅಡಗಿಸಿದಳು. ಮತ್ತೆ ಇಟ್ಟಳು. ಕೆಂಪು. ಮತ್ತೆ. ಕೆಂಪು. ನಾಲ್ಕನೆಯ ಸಲ ಇಡಲು ಹೊರಟಾಗ ತಾನು ಏನು ಮಾಡುತ್ತಿದ್ದೇನೆಂಬುದು ಅವಳಿಗೆ ಕಾಣಿಸಿತು. ಎಡಗೈ ತಾನಾಗಿಯೇ ಸೆರಗೆಳೆದು ಆ ಬೆರಳನ್ನು ಒರೆಸಿತ್ತು. ತುಟಿ ತಾನಾಗಿಯೇ ಅದರ ಮೇಲೆ ಉಸಿರು ಊದಿತ್ತು. ಈಗ ಅದನ್ನು ತನ್ನ ಬೈತಲೆಯ ಎಣ್ಣೆಗೆ ಉಜ್ಜುತ್ತಿದ್ದಳು. ಸತ್ತ ಕೈ ಅವಳ ತಲೆಯ ಮೇಲೆ, ಹರಸುವಂತೆ, ಇತ್ತು. ಅದನ್ನು ತಂದು ಗಾಜಿನ ಮೇಲೆ ಒತ್ತಿಯೂ ಬಿಟ್ಟಳು.

ಕೆಂಪು.

ಸೀರೆಯ ಮರೆ ಸರಿಯಿತು. ಭಾನು ಮಿಷನ್ನನ್ನು ಬ್ಯಾಗಿಗೆ ತುರುಕಿ ಹೆಬ್ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಬುಡವ್ವ, ಸಾಕು," ಎಂದಳು ದೊಡ್ಡಮಾದಮ್ಮ. ಅವಳ ದನಿ ಆಗ ಮೊದಲ ಸಲ ಒಡೆಯಿತು. "ಎಷ್ಟು ಅಂತ ಒರಸೀಯೆ. ಒಡಹುಟ್ದೋಳೂ ಹಿಂಗ್ ಮಾಡಕಿಲ್ಲ."

ಭಾನು ಎದ್ದು ಬಚ್ಚಲ ಮೋರಿಯವರೆಗೆ ಹೋಗಿ ವಾಂತಿ ಮಾಡಿಕೊಂಡಳು. ಬಂದದ್ದು ಬರೀ ಹುಳಿನೀರು.

"ಪಾಪ, ಬೆಳಿಗ್ಗಿಂದ ಏನೂ ತಿಂದಿಲ್ಲ ಅನ್ಸುತ್ತೆ," ಎಂದಳು ಒಬ್ಬಳು.

"ಒಂದೇ ಕಡೆ ಕೆಲ್ಸ ಮಾಡ್ದೋರಲ್ವ, ಸಂಕ್ಟ," ಎಂದಳು ಇನ್ನೊಬ್ಬಳು.

ಅವಳು ಬಾಯಿ ತೊಳೆದು ಬಂದಾಗ ದೊಡ್ಡಮಾದಮ್ಮ ಬಿಳಿಯ ಬಟ್ಟೆಯ ಚೂರನ್ನು ಅವಳ ಕೈಗೇ ಕೊಟ್ಟಳು. "ನೀನೇ ಕಟ್ಟವ್ವ. ನಂಗೆ ಗಂಟು ಕಾಣಕಿಲ್ಲ."

ಭಾನು ಎರಡು ಹೆಬ್ಬೆರಳನ್ನೂ ಜೋಡಿಸಿ ಮೂರು ಸುತ್ತು ಸುತ್ತಿದಳು. ಗಂಟು ಹಾಕಿದಳು. ಅದರ ಮೇಲೆ ಇನ್ನೊಂದು ಗಂಟು.

*

ಮುಂದಿನ ಜಗಲಿಯಲ್ಲಿ ಮಲ್ಲಿಕಾರ್ಜುನಸ್ವಾಮಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಗಂಟೆ ನೋಡಿಕೊಳ್ಳುತ್ತಿದ್ದರು. ಭಾನುವನ್ನು ಕಂಡು ಹುಬ್ಬೇರಿಸಿದರು.

"ಓದ್ಲಿಲ್ಲ ಸಾರ್."

"ಎಷ್ಟು ಸಲ ಇಡಿಸ್ದೆ?"

"ನಾಕು ಸಲ."

"ನಾಕೇನಾ? ಬದುಕಿದ್ದಾಗ್ಲೇ ಎಂಟು ಸಲ ಹಿಡೀತಿತ್ತು. ಹೋಗು, ಒಣಗಿದ ಬಟ್ಟೇಲಿ ಒರೆಸಿ ಇನ್ನೊಂದು ಸಲ ನೋಡು."

"ಕೈ ಕಟ್ಟಾಯ್ತು ಸಾರ್."

"ಬಿಚ್ಚು."

"ಬಿಚ್ಚಲ್ಲ ಸಾರ್."

ಅಷ್ಟು ಸಣ್ಣ ಮಾತು ಶುಕ್ರವಾರ ಎಲ್ಲಿ ಅಡಗಿತ್ತು ಎಂದು ಭಾನುವಿಗೇ ತಿಳಿಯಲಿಲ್ಲ. ಅವರು ಮಿಷನ್ನಿಗಾಗಿ ಕೈ ಚಾಚಿದರು. "ಸರಿ. ನಾಳೆ ಹತ್ತಕ್ಕೆ ಸರಿಯಾಗಿ ಬಾ. ನಿನ್ನದೇ ತಗೊಳ್ಳೋಣ."

ಆಮೇಲೆ ಬಾಡಿದ ಹಾರವನ್ನು ಹೆಣದ ಮೇಲಿಟ್ಟು, ಖಲೀಲ್‌ನ ಕೈಗೆ ಫೋನು ಕೊಟ್ಟು ಫೋಟೋ ತೆಗೆಸಿಕೊಂಡರು. ದೊಡ್ಡಮಾದಮ್ಮನಿಗೆ ಕೈ ಮುಗಿದು, "ಇಂಥ ಪ್ರಾಮಾಣಿಕರು ನಮಗೆ ಇನ್ನು ಸಿಗಲ್ಲ ತಾಯಿ," ಎಂದರು. ಅವರ ಅಂಗಿಯ ಜೇಬಿನ ಮೇಲೆ ಚಟ್ನಿಯ ಕಲೆಯಿತ್ತು. ಮುದುಕಿ ಆ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ಭಾನು ಮುಖ ತಿರುಗಿಸಿದಳು.

ಹೊಲದ ಬದುವಿನಲ್ಲಿ ಗುಂಡಿ ತೋಡಿದ್ದ ಗಂಡಸರು ಹಾರೆಗಳನ್ನು ಊರಿ ನಿಂತಿದ್ದರು.

"ಇನ್ನೂ ಎರಡು ವರ್ಸ ಸರ್ವೀಸ್ ಇತ್ತಂತಲ್ಲ. ಆ ಕೆಲ್ಸ ಈಗ ಯಾರ್ಗೆ ಓಯ್ತದೆ?" ಎಂದ ಒಬ್ಬ.

"ಯಾರ್ಗೂ ಇಲ್ಲ. ಮಕ್ಳಿಲ್ವಲ್ಲ," ಎಂದ ನಾಗರತ್ನಳ ಮೈದುನನ ವರಸೆಯ ಶಾಂತರಾಜು.

"ನಿನ್ ಮಗಳ್ನ ದತ್ತು ಕೊಟ್ಟಿದ್ರೆ ಸಿಕ್ಕಿರದು ಕಣ್ಲಾ."

"ಕೇಳಿದ್ದೆ ಕಣ್ಲಾ. ಬ್ಯಾಡ ಅಂದ್ಬುಟ್ಲು. ಆ ಪುಡಿ ವಾಸ್ನೆ ನಂಗೊಬ್ಳಿಗೇ ಸಾಕು ಅಂದ್ಲು."

ಹೆಣ ಇಳಿಸುವ ಮುಂಚೆ ಶಾಂತರಾಜು ಕೈಯ ಕಟ್ಟು ಬಿಚ್ಚಲು ಬಗ್ಗಿದ. ಗಂಟು ಬರಲಿಲ್ಲ. ಯಾರು ಕಟ್ಟಿದ್ದು ಇದನ್ನ, ಎಂದು ಗೊಣಗಿ ಕುಡುಗೋಲಿನಿಂದ ಕುಯ್ದ. ಹೆಂಗಸರು ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು. ಭಾನು ಎರಡು ಹಿಡಿ ಹಾಕಿದಳು, ಎರಡನ್ನೂ ಆ ಬಲಗೈ ಇದ್ದ ಕಡೆಗೇ.

ಹಿಂತಿರುಗುವಾಗ ಖಲೀಲ್ ಪಕ್ಕದಲ್ಲಿ ನಡೆದು ಬಂದ.

"ಬೆಳಿಗ್ಗೆ ನಾಯಿ ಬಂದಿರ್ಲಿಲ್ಲ ಅಕ್ಕ."

"ಗೊತ್ತು."

"ಆ ಚೀಲ ಟ್ಯಾಂಕಿಗೆ ಸುರಿಯೋನು ನಾನೇ. ನಮ್ಮನೇಲೂ ಅದೇ ನೀರೇ ಕುಡಿಯೋದು." ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದ. "ನಾಳೆ ಹೆಬ್ಬೆಟ್ಟು ಕೊಡ್ತೀರಾ?"

ಭಾನು ಬಲಗೈ ಹೆಬ್ಬೆರಳಿಗೆ ಮೆತ್ತಿದ್ದ ಮಣ್ಣನ್ನು ತೋರುಬೆರಳಿನಿಂದ ಉಜ್ಜುತ್ತ ಮುಂದೆ ನಡೆದಳು.

ಮನೆಯ ಮುಂದೆ ಒಗೆಯುವ ಕಲ್ಲಿನ ಹತ್ತಿರ ದೊಡ್ಡಮಾದಮ್ಮ ಕೊಡ ಇಟ್ಟುಕೊಂಡು ಮಣ್ಣಿಗೆ ಹೋಗಿ ಬಂದವರ ಕೈಕಾಲಿಗೆಲ್ಲ ನೀರು ಹಾಕುತ್ತಿದ್ದಳು. ಒಬ್ಬೊಬ್ಬರೇ ತೊಳೆದುಕೊಂಡು ಒಳಗೆ ಹೋದರು. ಆಚೆ ಜೀಪಿನ ಹಾರನ್ ಒಂದು ಸಲ ಕೂಗಿತು, ಮತ್ತೊಂದು ಸಲ ಕೂಗಿತು. ಭಾನು ಕೊನೆಯವಳಾಗಿ ಬಂದು ಕುಕ್ಕರಗಾಲಿನಲ್ಲಿ ಕೂತಳು. ಕೈ ತೊಳೆದಳು. ಆಮೇಲೆ ಬಲಗೈ ಹೆಬ್ಬೆರಳನ್ನು ಒರಟುಗಲ್ಲಿನ ಮೇಲೆ ಒತ್ತಿ ಹಿಂದಕ್ಕೂ ಮುಂದಕ್ಕೂ ಉಜ್ಜತೊಡಗಿದಳು.

"ಸಾಕು ಕಣವ್ವ. ಮಣ್ಣೆಲ್ಲ ಓಯ್ತು."

"ಇನ್ನೊಂದ್ ಚೊಂಬು ಹುಯ್ಯವ್ವ."

ಮುದುಕಿ ಹುಯ್ದಳು. ಕಲ್ಲಿನಿಂದ ಇಳಿದ ನೀರು ಸ್ವಲ್ಪ ಕೆಂಪಗೆ ಮೋರಿಯ ಕಡೆ ಹರಿಯಿತು. ಭಾನು ಬೆರಳನ್ನು ಎತ್ತಿ ಬಿಸಿಲಿಗೆ ಹಿಡಿದು ಅದರ ಮೇಲಿನ ಗೆರೆಗಳನ್ನು ನೋಡಿದಳು. ಮತ್ತೆ ಕಲ್ಲಿಗಿಟ್ಟಳು.