ಇನ್ಸುಲಿನ್ ಅಂದ್ರ ಏನವಾ

ಸಿರಿಂಜು ಪಾತ್ರೆಯ ತಳಕ್ಕೆ ಬಡಿಯುತ್ತಿದೆ, ಕಟಕಟ, ಕಟಕಟ, ನೀರು ಕುದ್ದಿತು, ಇನ್ನೈದು ನಿಮಿಷ ಕುದಿಯಲಿ, ಅಷ್ಟು ಹೊತ್ತು ಯಾರೂ ನನ್ನನ್ನು ಏನೂ ಕೇಳದಿದ್ದರೆ ಸಾಕು — ನಾಲ್ಕು ವರ್ಷದಿಂದ ಗುಜರಾತಿನ ಈ ಊರಲ್ಲಿ, ಫತೇಗಂಜಿನ ಈ ಎರಡು ಕೋಣೆಯ ಮನೆಯಲ್ಲಿ ಬೆಳಗಾಗುವುದೇ ಈ ಸದ್ದಿನಿಂದ, ಅದೂ ಅಡುಗೆಮನೆಯಲ್ಲಲ್ಲ, ಹೊರಗೆ ಬಾಲ್ಕನಿಯಲ್ಲಿ, ಬೇರೆ ಸ್ಟೋವಿನ ಮೇಲೆ, ಅತ್ತೆಯ ಮಡಿ ಒಲೆಗೆ ಸೂಜಿ ಸೋಕಬಾರದು, ಸೂಜಿ ಇಲ್ಲದೆ ಮಾತ್ರ ಅತ್ತೆ ಬದುಕಲಾರರು, ಎಂಥಾ ಸಂಸಾರವಪ್ಪಾ ನನ್ನದು. ಬಚ್ಚಲಲ್ಲಿ ಎರಡನೆಯ ಬಕೆಟ್ ತುಂಬಿಸಿಟ್ಟಾಗಿದೆ, ಕೆಳಗಿನ ನಲ್ಲಿಯಿಂದ ಹೊತ್ತು ತಂದವಳು ನಾನೇ, ಸೊಂಟ ಹಿಡಿದುಕೊಂಡಿದೆ. ಮೊದಲನೆಯದು ಬೆಳಗಿನ ಸ್ನಾನಕ್ಕೆ, ಎರಡನೆಯದು ಇಂಜೆಕ್ಷನ್ ಆದ ಮೇಲಿನ ಸ್ನಾನಕ್ಕೆ, ಸ್ಪಿರಿಟ್ ಹಚ್ಚತೀಯಲ್ಲವಾ, ಸ್ಪಿರಿಟ್ ಅಂದ್ರ ಸೆರೆನ ಅಲ್ಲೇನು, ಮೈಲಿಗಿ ಆಗತದ, ಅನ್ನುತ್ತಾರೆ ಅತ್ತೆ — ಜ್ವರವಿದ್ದರೂ ಸ್ನಾನ, ಜನವರಿಯ ಚಳಿಯಲ್ಲೂ ಸ್ನಾನ, ನಾನು ಮನಸ್ಸಿನಲ್ಲೇ ಬೈಯುತ್ತ ಹೊರುವುದು. ಇವತ್ತು ಆ ನೀರು ಬೇಕಾಗುತ್ತದೋ ಇಲ್ಲವೋ, ಅತ್ತೆ ಕೈ ಚಾಚುತ್ತಾರೋ ಇಲ್ಲವೋ, ನಿನ್ನೆ ಸಂಜೆಯಿಂದ ಒಂದು ಮಾತಿಲ್ಲ. ಎಲ್ಲ ನನ್ನ ಮಗಳು ತಾರಾ ಮಾಡಿದ್ದು, ಹತ್ತು ವರ್ಷ, ಕನ್ನಡ ಅರೆಬರೆ, ಇಂಗ್ಲಿಷ್ ಶಾಲೆಗೆ ಸೇರಿದ ಮೇಲೆ ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವ ಚಟ, ಬಿಸ್ಕತ್ತಿನ ಕಾಗದ, ಬಸ್ಸಿನ ಟಿಕೆಟ್ಟು, ನಿನ್ನೆ ಔಷಧದ ಡಬ್ಬಿಯೊಳಗಿನ ಚೀಟಿ. ಕಾಯಿಪಲ್ಯದ ಚೀಲ ಹಿಡಿದು ನಾನು ಬಾಗಿಲೊಳಗೆ ಕಾಲಿಡುತ್ತಿದ್ದೇನೆ, ಇವಳು ಕುಣಿಯುತ್ತಿದ್ದಾಳೆ, ಅಜ್ಜೀ, ಆ ತೋ ಬಳದ್‌ನೂ ಛೆ! ಬಳದ್ ಅಂದರೆ ಎತ್ತು, ಇದು ಎತ್ತಿನದು ಅನ್ನುತ್ತಿದ್ದಾಳೆ, ಅಷ್ಟು ಗುಜರಾತಿ ಅತ್ತೆಗೂ ಬರುತ್ತದೆ.

ಆ ಚೀಟಿಯನ್ನು ಪ್ರತಿ ಸಲ ನಾನೇ ಹರಿದು ಹಾಕುತ್ತಿದ್ದೆ, ಈ ಸಲ ಮರೆತೆ, ದಣಿವು, ಬೇರೇನಲ್ಲ. ಚೀನಾ ಯುದ್ಧ ಮುಗಿದ ಆ ಚಳಿಗಾಲದಲ್ಲಿ ಅತ್ತೆ ದೇವರ ಮುಂದೆಯೇ ಎಚ್ಚರ ತಪ್ಪಿ ಬಿದ್ದರು, ಆಸ್ಪತ್ರೆಯ ಬಾಗಿಲವರೆಗೂ ಕುದುರೆಗಾಡಿಯಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು, ಡಾಕ್ಟರು ಹೇಳಿದರು, ಇನ್ಸುಲಿನ್ ಶುರು ಮಾಡಬೇಕು ಬೆಹನ್, ಒಂದು ದಿನವೂ ತಪ್ಪಿಸುವಂತಿಲ್ಲ, ತಪ್ಪಿದರೆ ಇನ್ನೊಮ್ಮೆ ನನ್ನ ಹತ್ತಿರ ಕರೆತರುವ ಕಷ್ಟ ನಿಮಗಿರುವುದಿಲ್ಲ. ಹಾಗೆಂದರೇನು ಡಾಕ್ಟರ್ ಸಾಹೇಬ್? ಒಳ್ಳೆಯ ಮನುಷ್ಯ, ಕಾಗದದ ಮೇಲೆ ಹೊಟ್ಟೆ ಬರೆದು ತೋರಿಸಿದರು, ಜಠರದ ಹಿಂದೆ ಒಂದು ಗ್ರಂಥಿ, ಅದರೊಳಗೆ ಚುಕ್ಕಿ ಚುಕ್ಕಿಯಾಗಿ ದ್ವೀಪಗಳು, ಲ್ಯಾಟಿನ್ನಿನಲ್ಲಿ ಇನ್ಸುಲಾ ಅಂದರೆ ದ್ವೀಪ, ಅದರಿಂದಲೇ ಆ ಹೆಸರು, ಅಲ್ಲಿಂದ ರಕ್ತಕ್ಕೆ ಇಳಿಯುವ ಹಾರ್ಮೋನು, ಅದಿದ್ದರೆ ಉಂಡದ್ದು ಮೈಗೆ ಹತ್ತುತ್ತದೆ, ಇಲ್ಲದಿದ್ದರೆ ಸಕ್ಕರೆಯೆಲ್ಲ ಮೂತ್ರದಲ್ಲಿ ಹೋಗುತ್ತದೆ. ದ್ವೀಪ ಎಂದದ್ದು ನನಗೆ ಹಿಡಿಸಿತ್ತು. ನಿಮ್ಮ ಅತ್ತೆಯಲ್ಲಿ ಅದು ಬತ್ತಿದೆ, ಹೊರಗಿಂದ ಕೊಡೋಣ. ಹೊರಗಿಂದ ಅಂದರೆ ಎಲ್ಲಿಂದ? ಎತ್ತಿನದು, ಹಂದಿಯದು, ಎಂದರು, ಟೊಮೆಟೊ ಬದನೆಕಾಯಿ ಎಂದ ಹಾಗೆ. ಧಾರವಾಡದಲ್ಲಿ ಈರುಳ್ಳಿ ಹೆಚ್ಚಿದ ಈಳಿಗೆಯನ್ನೂ ಮುಟ್ಟದ ನಮ್ಮ ಅತ್ತೆಗೆ! ರಾತ್ರಿ ಇವರಿಗೆ ಹೇಳಿದೆ, ಇವರು, ಅವ್ವಗ ಹೇಳಬ್ಯಾಡ ಪದ್ಮಾ, ಆಕಿ ಸತ್ತರೂ ತಗೊಳ್ಳೂದಿಲ್ಲ — ಅಷ್ಟು ಹೇಳಿ ಭೀಮಸೇನರಾಯರು ಹಗುರಾದರು, ರೈಲ್ವೆ ನೌಕರಿ, ಉಧ್ನಾ ಸ್ಟೇಷನ್ನಿಗೆ ವರ್ಗವಾಯಿತು, ವಾರಕ್ಕೊಮ್ಮೆ ಬರುತ್ತಾರೆ, ಅವ್ವ ಹೆಂಗಿದ್ದಾಳ ಅನ್ನುತ್ತಾರೆ, ಸುಳ್ಳಿನ ಸಂಸಾರ ಮಾಡುವವಳು ನಾನು. ಮೊದಲ ದಿನವೇ ಅತ್ತೆ ಕೇಳಿದ್ದರು, ಇನ್ಸುಲಿನ್ ಅಂದ್ರ ಏನವಾ? ಗಿಡದ ರಸಾರೀ ಅತ್ಯಾ, ಬೇರು ಅರದು ತಗೀತಾರ. ಹೌದಾ, ಎಂದರು. ಮತ್ತೆಂದೂ ಕೇಳಲಿಲ್ಲ.

ಐದು ನಿಮಿಷ ಆಯಿತು, ಇಕ್ಕಳದಲ್ಲಿ ಎತ್ತಬೇಕು, ಸೂಜಿ ಮೊಂಡಾಗಿದೆ, ಕಲ್ಲಿಗೆ ಉಜ್ಜಬೇಕಿತ್ತು. ತಣ್ಣನೆಯ ಮರಳಿನ ಗಡಿಗೆಯಿಂದ ಸೀಸೆ, ಹತ್ತಿ, ಸ್ಪಿರಿಟ್ — ಸ್ಪಿರಿಟ್ ಮೊದಲ ದಿನದಿಂದಲೂ ಇತ್ತಲ್ಲ? ಮೊದಲ ವಾರ ಈ ಎರಡನೆಯ ಸ್ನಾನ ಇರಲಿಲ್ಲ. ಒಂದೇ ಬಕೆಟ್ ಹೊರುತ್ತಿದ್ದೆ, ಚೆನ್ನಾಗಿ ನೆನಪಿದೆ. ಯಾವತ್ತು ಶುರುವಾಯಿತು — ಎರಡನೆಯ ಸೋಮವಾರ, ಆಸ್ಪತ್ರೆಗೆ ತೋರಿಸಲು ಹೋದಾಗ, ನಾನು ಹೆಸರು ಬರೆಸುವ ಸಾಲಿನಲ್ಲಿದ್ದೆ, ಅತ್ತೆ ಒಬ್ಬರೇ ಕಂಪೌಂಡರನ ಬೆಂಚಿನ ಮೇಲೆ ಕೂತಿದ್ದರು, ಮಾತಿನ ಮಲ್ಲ ಅವನು, ಮಾಜೀ ಮಾಜೀ ಎನ್ನುತ್ತ ಎಲ್ಲ ವಿವರಿಸುವವನು, ಬಂದು ನೋಡಿದರೆ ಅತ್ತೆಯ ಮುಖ ಬಿಳಿಚಿತ್ತು, ಬಿಸಿಲು ಅಂದುಕೊಂಡೆ, ಮರುದಿನ ಬೆಳಗ್ಗೆ, ಇನ್ನೊಂದು ಬಕೆಟ್ ನೀರು ತಂದಿಡವಾ, ಎಂದರು. ಅಯ್ಯೋ ದೇವರೇ, ಎತ್ತಿನದು ಎಂದು ಅವನು ಅವತ್ತೇ ಹೇಳಿಬಿಟ್ಟಿದ್ದಾನೆ. ನಾಲ್ಕು ವರ್ಷ. ನಾನು ಬಚ್ಚಿಟ್ಟೆ ಅಂದುಕೊಂಡಿದ್ದೆ, ಬಚ್ಚಿಟ್ಟವರು ಅವರು, ದಿನಾ ಕೈ ಚಾಚಿ ದಿನಾ ತೊಳೆದುಕೊಂಡರು, ಬದುಕುವ ಆಸೆ ಅವರಿಗೂ ಇತ್ತು, ನನ್ನ ಸುಳ್ಳಿನ ಮರೆಯಲ್ಲಿ ಇಟ್ಟುಕೊಂಡಿದ್ದರು. ಈಗ ಮೊಮ್ಮಗಳು ಬಾಯಿಬಿಟ್ಟು ಹೇಳಿದ ಮೇಲೆ ಎಲ್ಲಿಡುತ್ತಾರೆ? ತಟ್ಟೆ ಹಿಡಿದು ಒಳಗೆ ಬಂದೆ. ಅತ್ತೆ ಮಣೆಯ ಮೇಲೆ, ಕೈ ಸೆರಗಿನೊಳಗೆ, ಬಾಗಿಲಲ್ಲಿ ಪಾಟಿಚೀಲ ಹಾಕಿಕೊಂಡ ತಾರಾ. ಅತ್ತೆ ನನ್ನನ್ನು ನೋಡುತ್ತಿಲ್ಲ, ನೆಲಕ್ಕೆ ಹೇಳುತ್ತಿದ್ದಾರೆ, ಪದ್ಮಾವತಿ, ಇನ್ಸುಲಿನ್ ಅಂದ್ರ ಏನವಾ? ಸಾಕಾಗಿದೆ, ನಿಜ ಹೇಳಿ ಕೂತುಬಿಡಲೇ — ಗಿಡದ ರಸಾರೀ ಅತ್ಯಾ. ಕೂಸು ಬ್ಯಾರೆ ಓದಿತಲ್ಲ? ತಪ್ಪು ಓದ್ಯದರೀ, ಅದರ ಇಂಗ್ಲಿಷ್ ಇನ್ನೂ ಕಚ್ಚಾ ಅದ. ನೋ ಮಮ್ಮಿ, ಸರಿ ಓದ್ದೆ ನಾನು! ತಪ್ಪು ಓದೀದಿ ನೀ, ಸುಮ್ಮನಿರು. ಮಗಳ ಕಣ್ಣು ತುಂಬಿತು, ಸರಿ ಓದಿದ ಮಗು, ಕ್ಷಮಿಸು ತಾಯಿ, ಇನ್ನೊಂದು ದಿನ ಹೇಳುತ್ತೇನೆ. ಅತ್ತೆ, ಹೌದಾ, ಎಂದರು, ಸೆರಗಿನಿಂದ ಕೈ ಹೊರಗೆ ಬಂತು, ಹತ್ತಿಯಿಂದ ಒರೆಸಿದೆ, ಚುಚ್ಚಿದೆ. ಅತ್ತೆ ಏಳುತ್ತಿದ್ದಾರೆ, ಗೋಡೆ ಹಿಡಿದು ಬಚ್ಚಲ ಕಡೆ, ಬಿಸಿ ನೀರು ಬೆರೆಸಿಕೊಡಲೇನ್ರೀ ಎಂದರೆ ಬ್ಯಾಡವಾ ಎಂದರು, ಬಾಗಿಲು ಹಾಕಿಕೊಂಡರು, ತಂಬಿಗೆ ನೀರಿಗಿಳಿದ ಸದ್ದು, ನಾಳೆಯೂ ಹೊರುತ್ತೇನೆ, ಬೈಯದೆ ಹೊರುತ್ತೇನೆ, ಬಕೆಟ್, ಎರಡನೆಯ ಬಕೆಟ್.